ಒದರದ ಪೈಲವಾನ

ಆ ಒಂದು ಕುಸ್ತಿಗೆ ಹೋದದ್ದು ಒಬ್ಬನ ಬಲಗೈ, ಇನ್ನೊಬ್ಬನ ದನಿ, ನನ್ನ ಮುಂದಿನ ಎರಡು ಹಲ್ಲು. ಕಾರಣ ನೋವು ಗೊತ್ತಾಗದಂತೆ ಮಾಡುವ ಒಂದು ಇಂಜೆಕ್ಷನ್, ಅದರ ಮೇಲೆ ಲಾರಿ ಡ್ರೈವರುಗಳು ನಿದ್ದೆ ಬಾರದಿರಲೆಂದು ನುಂಗುವ ಗುಳಿಗೆ.

ಅದು ೧೯೮೬. ಆಳಂದ, ಅಫಜಲಪುರ, ಜೇವರ್ಗಿ ಕಡೆಯ ಕುಸ್ತಿಗಳಿಗೆ ನಾನು ಜೋಡಿ ಹಚ್ಚುತ್ತಿದ್ದೆ. ಅಂದರೆ ಯಾರ ಮೇಲೆ ಯಾರನ್ನು ಬಿಡಬೇಕೆಂದು ಗೊತ್ತುಮಾಡುವ ಕೆಲಸ. ತೂಕದ ಯಂತ್ರ ಎಲ್ಲಿಯದು? ಕತ್ತು, ತೊಡೆ, ಮಣಿಕಟ್ಟು ಮುಟ್ಟಿ ನೋಡಬೇಕು. ಎರಡೂ ಕಡೆಯ ವಸ್ತಾದರನ್ನು, ಅಂದರೆ ಕುಸ್ತಿ ಕಲಿಸುವ ಗುರುಗಳನ್ನು, ಮಾತಿನಲ್ಲಿ ಒಪ್ಪಿಸಬೇಕು. ನಾನು ಶಾಲೆ ಕಂಡದ್ದು ಕಡಿಮೆ. ಆದರೆ ಚೌಕಾಸಿಯಲ್ಲಿ ನನ್ನನ್ನು ಮಣಿಸಿದ ವಸ್ತಾದ ಇರಲಿಲ್ಲ.

ಆ ಚಳಿಗಾಲ ಖಜೂರಿಯ ಬಯಲಿನಲ್ಲಿ ಕೊನೆಯ ಜೋಡಿ ಕರಜಗಿಯ ಶಿವರಾಯ ಮತ್ತು ಜೇವರ್ಗಿಯ ದಸ್ತಗೀರ. ಶಿವರಾಯ ಕಬ್ಬು ಕಡಿಯುವವ. ಮನೆ ನಡೆಯುತ್ತಿದ್ದದ್ದು ಅವನ ಬಲಗೈಯಿಂದ. ಅದೇ ಕೈಯ ಭುಜ ಹಿಂದಿನ ಕುಸ್ತಿಯಲ್ಲಿ ಸರಿದಿತ್ತು. ಅವನ ವಸ್ತಾದ ಗುಂಡಪ್ಪನನ್ನು ಕೇಳಿದೆ:

"ಭುಜಾ ಮಾಗೇದೇನ್ರಿ?"

"ನೀವಽ ನೋಡ್ರಿ. ಎತ್ತಲೇ ಶಿವ್ಯಾ ಕೈ!"

ಶಿವರಾಯ ಕೈಯನ್ನು ಗಿರಗಿರ ತಿರುಗಿಸಿದ.

"ನೋವಾಗ್ತದೇನಪಾ?"

"ಇರುವಿ ಕಡದಷ್ಟೂ ಇಲ್ರಿ ಕಾಕಾ."

ಅವನು ಸುಳ್ಳು ಹೇಳಿರಲಿಲ್ಲ.

ದಸ್ತಗೀರ ನಕ್ಕ. "ಕಾಕಾ, ಇಂವಾ ಕಬ್ಬು ಕಡಿಯಾಂವ. ನಾ ಏನ್ ಕಬ್ಬೇನ್ರಿ?"

"ಕಬ್ಬಾದ್ರ ಹಿಂಡ್ತೇನಿ, ಬಾ ಲೇ" ಎಂದ ಶಿವರಾಯ. ಇಬ್ಬರ ಕೈ ಕೂಡಿಸಿ, ಮಣ್ಣು ತೂರಿ ಬಿಟ್ಟೆ.

ನಮ್ಮ ಮಣ್ಣಿನ ಕುಸ್ತಿಗೆ ಒಂದು ಬರೆಯದ ಕಾನೂನಿದೆ. ಎದುರಾಳಿಯ ಕೈ ತಿರುಚಿದವನು ಅವನ ದನಿಗೆ ಕಿವಿಗೊಟ್ಟಿರುತ್ತಾನೆ. ಒದರಿದ ಕೂಡಲೇ ಪಟ್ಟು ಸಡಿಲಿಸುತ್ತಾನೆ. ನೂರಾರು ಕೈಗಳನ್ನು ಉಳಿಸಿದ್ದು ಆ ಒದರಾಟವೇ.

ದಸ್ತಗೀರ ಶಿವರಾಯನ ಬಲಗೈಯನ್ನು ಬೆನ್ನ ಹಿಂದೆ ತಿರುಚಿದ. ದನಿ ಬರಲಿಲ್ಲ. ಇನ್ನಷ್ಟು ತಿರುಚಿದ. ಶಿವರಾಯ ಹಲ್ಲು ಕಿರಿದು ನಗುತ್ತಿದ್ದ. ಮರುಕ್ಷಣ ಒಣ ಕಬ್ಬು ಮುರಿದಂಥ ಸದ್ದು. ಮೊಣಕೈ ಮೇಲೆ ಎಲುಬು ಚರ್ಮ ಸೀಳಿ ಹೊರಬಂತು; ರಕ್ತ ಚಿಮ್ಮಿ ಮಣ್ಣು ಕೆಸರಾಯಿತು.

ದಸ್ತಗೀರ ಬೆದರಿ ಕೈ ಬಿಟ್ಟ. ಶಿವರಾಯ ಬಿಡಲಿಲ್ಲ. ಮುರಿದ ಕೈ ಹಗ್ಗದಂತೆ ಜೋಲಾಡುತ್ತಿದ್ದರೂ ಎಡಗೈಯಿಂದ ಅವನ ಕತ್ತನ್ನು ಹಿಂದಿನಿಂದ ಬಿಗಿದ. ದಸ್ತಗೀರನ ಕಣ್ಣು ಮೇಲಾದವು, ನಾಲಿಗೆ ಹೊರಬಂತು.

"ಬಿಡಲೇ ಶಿವ್ಯಾ, ಸಾಯ್ತಾನ!" ಗುಂಡಪ್ಪ ಬಡಿಗೆಯಿಂದ ಅವನ ಬೆನ್ನಿಗೆ ಬಾರಿಸಿದ. ಬಂಡೆಗೆ ಬಾರಿಸಿದಂತಾಯಿತು. ಎಳೆಯಲು ಹೋದ ನನ್ನ ಬಾಯಿಗೆ ಅವನ ತಲೆ ಅಪ್ಪಳಿಸಿ ಹಲ್ಲು ಉದುರಿದವು. ಬಲದಿಂದ ಆಗದ್ದು ವ್ಯಾಪಾರದಿಂದ ಆದೀತೆಂದು ರಕ್ತ ಉಗುಳಿ ಕೂಗಿದೆ:

"ಗೆದ್ದಿ ಲೇ ಶಿವ್ಯಾ! ಏಳು, ಮಂದಿಗೆ ಕೈ ಎತ್ತಿ ತೋರ್ಸು!"

ಒಮ್ಮೆಲೇ ಬಿಟ್ಟ. ಎದ್ದು ನಿಂತ. ಬಲಗೈ ಎತ್ತಲು ನೋಡಿದ.

"ಕಾಕಾ, ಕೈ ಯಾಕ ಏಳವಲ್ದರಿ?"

ಗುಲಬರ್ಗಾದ ಡಾಕ್ಟರು ಆ ಕೈಯನ್ನು ತೆಗೆಯಬೇಕಾಯಿತು. ಇಂಜೆಕ್ಷನ್ ಭುಜದ ಜೊತೆಗೆ ಇಡೀ ಕೈಯ ನೋವನ್ನು ಕೊಂದಿತ್ತು, ಗುಳಿಗೆ ತಲೆಗೇರಿ ಅಂಜಿಕೆಯನ್ನು ಕೊಂದಿತ್ತು ಎಂದರು. ಎರಡನ್ನೂ ಕೊಡಿಸಿದವನು ಗುಂಡಪ್ಪ. ದಸ್ತಗೀರ ಬದುಕಿದ, ಆದರೆ ಗಂಟಲು ಒಡೆದೇ ಉಳಿಯಿತು. ಪಿಸುದನಿಯಲ್ಲಿ ಅವನು ಹೇಳಿದ್ದು: "ಅಂವಾ ಒದರ್ಲಿ ಅಂತ ಕಾದ್ನಿರಿ ಕಾಕಾ. ಒದರಲೇ ಇಲ್ಲ."

ಅಂದಿನಿಂದ ಕೈ ಕೂಡಿಸುವ ಮೊದಲು ಪೈಲವಾನನ ಕಿರುಬೆರಳನ್ನು ಹಿಂದಕ್ಕೆ ಬಗ್ಗಿಸಿ ನೋಡುತ್ತಿದ್ದೆ. ಹಳೆ ಗಾಯವಿದ್ದರೆ ಅಲ್ಲೂ ಅದುಮುತ್ತಿದ್ದೆ. ಜೋಡಿ ಹಚ್ಚುವವರಾದರೆ ನೀವೂ ಹಾಗೇ ಮಾಡಿ. ಹುಡುಗ ಮುಖ ಕಿವುಚಿ ನಿಮಗೆ ಬೈದರೆ ಕಣಕ್ಕೆ ಬಿಡಿ. ನಕ್ಕರೆ ಅಂಗಿ ತೊಡಿಸಿ ಮನೆಗೆ ಕರೆದೊಯ್ಯಿರಿ. ವಸ್ತಾದ ಏನಾದರೂ ಅಂದುಕೊಳ್ಳಲಿ.