ಎರಡನೆಯ ಪೆಟ್ಟು

ನಮ್ಮ ದೊಡ್ಡಮ್ಮನನ್ನು ಊರಿನವರು ಕಿವಿಯಮ್ಮ ಎಂದು ಕರೆಯುತ್ತಿದ್ದರು. ಎದುರಿಗಲ್ಲ, ಎದುರಿಗೆ ಹಾಗೆನ್ನುವ ಗುಂಡಿಗೆ ಯಾರಿಗೂ ಇರಲಿಲ್ಲ. ನೀರು ಸರಬರಾಜು ಇಲಾಖೆಯಲ್ಲಿ ಸೋರಿಕೆ ಹುಡುಕುವುದು ಅವಳ ಕೆಲಸ. ಉದ್ದನೆಯ ಕಬ್ಬಿಣದ ಸರಳು, ಅದರ ತುದಿಗೆ ಬಟ್ಟಲಿನಂಥ ಮರದ ಹಿಡಿ. ಸರಳನ್ನು ರಸ್ತೆಗೆ ಊರಿ ಬಟ್ಟಲಿಗೆ ಕಿವಿ ಕೊಟ್ಟಳೆಂದರೆ, ನೆಲದೊಳಗೆ ಪೈಪು ಎಲ್ಲಿ ಒಡೆದಿದೆ ಎಂದು ಹೇಳಿಬಿಡುತ್ತಿದ್ದಳು. ಮನೆಯಲ್ಲಿ ನಾವು ಕೂಗಿ ಕರೆದದ್ದು ಮಾತ್ರ ಅವಳಿಗೆ ಕೇಳುತ್ತಿರಲಿಲ್ಲ. ಕೇಳುತ್ತಿರಲಿಲ್ಲವೋ, ಬೇಕೆಂದೇ ಕಿವಿ ಮೇಲೆ ಹಾಕಿಕೊಳ್ಳುತ್ತಿರಲಿಲ್ಲವೋ, ನನಗಿನ್ನೂ ತಿಳಿದಿಲ್ಲ.

ದೊಡ್ಡಪ್ಪನದೂ ಅದೇ ಇಲಾಖೆ. ಇವಳು ವಾಲ್ವಿನ ಹತ್ತಿರ, ಅವರು ಬೀದಿಯ ಇನ್ನೊಂದು ಕೊನೆಯಲ್ಲಿ. ಅವರಿಬ್ಬರ ಮಾತುಕತೆಯೆಲ್ಲ ಪೈಪಿನ ಮೇಲೆ ಸ್ಪ್ಯಾನರಿನ ಪೆಟ್ಟುಗಳಲ್ಲೇ. ಒಂದು ಪೆಟ್ಟೆಂದರೆ ನೀರು ಬಿಡಬಹುದು. ಎರಡೆಂದರೆ ಬಿಡಬೇಡ, ಪೈಪಿನೊಳಗೆ ಯಾರೋ ಇದ್ದಾರೆ. ದೊಡ್ಡಪ್ಪನ ಬಲಗೈ ಮಣಿಕಟ್ಟು ಒಮ್ಮೆ ಮುರಿದು ವಕ್ರವಾಗಿ ಕೂಡಿಕೊಂಡಿತ್ತು. ಒಂದು ಪೆಟ್ಟು ಹೊಡೆದು, ಸ್ಪ್ಯಾನರನ್ನು ಎಡಗೈಗೆ ತೆಗೆದುಕೊಂಡು, ಆಮೇಲೆ ಎರಡನೆಯದು. ನಡುವೆ ಒಂದು ದೀರ್ಘ ಉಸಿರಿನಷ್ಟು ತಡ. ಹೊಸಬರು ಮೊದಲ ಪೆಟ್ಟಿಗೇ ನೀರು ಬಿಟ್ಟು ಅವಾಂತರ ಮಾಡುತ್ತಿದ್ದರು. ಕಾಯುವುದು ಗೊತ್ತಿದ್ದವಳು ದೊಡ್ಡಮ್ಮ ಒಬ್ಬಳೇ. ಹಾಗಾಗಿ ಇಲಾಖೆ ಗಂಡ ಹೆಂಡಿರನ್ನು ಬೇರೆ ಮಾಡುವ ಗೋಜಿಗೇ ಹೋಗಲಿಲ್ಲ. ನಮ್ಮ ಮನೆಯ ಬಾಗಿಲನ್ನೂ ದೊಡ್ಡಪ್ಪ ಹಾಗೆಯೇ ತಟ್ಟುತ್ತಿದ್ದರು.

ನಿವೃತ್ತಿಯಾದ ಮೇಲೆ ಅವರು ನಿದ್ದೆಯಲ್ಲೇ ತೀರಿಕೊಂಡರು. ದೊಡ್ಡಮ್ಮನಿಗೆ ದುಃಖಕ್ಕಿಂತ ಸಿಟ್ಟೇ ಹೆಚ್ಚು. "ಪಕ್ಕದಲ್ಲೇ ಮಲಗಿದ್ದೆ ಕಣೇ. ಒಂದ್ ಮಾತು ಹೇಳಿ ಹೋಗೋಕೆ ಏನಾಗಿತ್ತು ಇವರಿಗೆ?" ಎಂದು ವರ್ಷಗಟ್ಟಲೆ ಹೇಳಿಕೊಂಡು ತಿರುಗಿದಳು. ಸರಳು ಅವಳ ಊರುಗೋಲಾಯಿತು.

ನೀರಿನ ವಿಷಯ ತಿಳಿದವಳೆಂದು ಪಕ್ಕದ ಬಡಾವಣೆಯ ಶಾಲೆಯವರು ಪ್ರತಿ ವರ್ಷ ಅವಳನ್ನು ಮಕ್ಕಳ ಪ್ರಾಜೆಕ್ಟ್ ಸ್ಪರ್ಧೆಗೆ ತೀರ್ಪುಗಾರಳಾಗಿ ಕರೆಯುತ್ತಿದ್ದರು. ಕಣ್ಣು ಮಂಜಾಗಿದ್ದರಿಂದ ಅಂಕ ಬರೆಯಲು ತಂಗಿಯ ಮಗಳಾದ ನಾನು. ಅಂಕಗಳಿಗೆ ಮೂರು ತಲೆಬರಹಗಳಿದ್ದವು: ಸುಸ್ಥಿರತೆ, ಸಮುದಾಯಕ್ಕೆ ಉಪಯೋಗ, ಸೃಜನಶೀಲತೆ. ದೊಡ್ಡಮ್ಮ ಅವನ್ನು ತನ್ನ ಭಾಷೆಗೆ ಇಳಿಸಿಕೊಂಡಿದ್ದಳು. "ನಾಳೇನೂ ಇರುತ್ತಾ? ಪಕ್ಕದ್ಮನೆಯವರಿಗೂ ಸಿಗುತ್ತಾ? ಕದ್ದಿದ್ದಲ್ಲ ತಾನೇ?" ಈ ಮೂರನೆಯ ಪ್ರಶ್ನೆಗೆ ಹೆತ್ತವರ ಮುಖ ಸಣ್ಣಗಾಗುವುದನ್ನು ನೋಡುವುದಕ್ಕೆಂದೇ ನಾನು ರಜೆ ಹಾಕಿ ಹೋಗುತ್ತಿದ್ದೆ.

ಆ ವರ್ಷ ಹಾಲ್‌ಗೆ ಕಾಲಿಟ್ಟಾಗಲೇ ನನಗೆ ಯಾಕೋ ಸರಿಬರಲಿಲ್ಲ. ಬಾಟಲಿಯಿಂದ ಮಾಡಿದ ಗಾಳಿಯಂತ್ರಗಳು ಮೇಜಿನ ತುಂಬ ತಿರುಗುತ್ತಿದ್ದವು. ಕಿಟಕಿಗಳೆಲ್ಲ ಮುಚ್ಚಿದ್ದವು. ಫ್ಯಾನ್ ಇರಬೇಕೆಂದು ಮೇಲೆ ನೋಡಿದೆ, ಅದೂ ನಿಂತಿತ್ತು. ಸ್ವಾಗತ ನೃತ್ಯಕ್ಕೆ ಒಂದನೇ ತರಗತಿಯ ಮಕ್ಕಳಿಗೆ ನೀಲಿ ಕಾಗದ ಸುತ್ತಿ ನೀರಿನ ಹನಿಗಳನ್ನಾಗಿ ಮಾಡಿದ್ದರು. ಒಂದು ಹನಿ ನಾಚಿಕೊಂಡು ಎಲ್ಲಿಗೋ ಓಡಿಹೋಯಿತೆಂದು ಟೀಚರುಗಳು ನಕ್ಕರು. ನಾವೂ ನಕ್ಕೆವು.

ಕೊನೆಯ ಪ್ರಾಜೆಕ್ಟ್ ಆಟದ ಮೈದಾನದಲ್ಲಿತ್ತು. ಎಂಟನೇ ತರಗತಿಯ ಮೂವರು ಹುಡುಗಿಯರದು. ಮೈದಾನದ ಅಡಿಯಲ್ಲಿ ಹಿಂದೆಂದೋ ಮುಚ್ಚಿಹೋದ ಕಾರ್ಖಾನೆಯ ದೊಡ್ಡ ಪೈಪು ಸತ್ತು ಬಿದ್ದಿತ್ತು. ಆಚೆ ತುದಿಗೆ ಸಿಮೆಂಟು ಬಿದ್ದು ಯಾವ ಕಾಲವಾಯಿತೋ. ಈಚೆ ತುದಿಯನ್ನು ಹುಡುಗಿಯರು ಅಗೆಸಿ, ಹಲಗೆಯ ಮುಚ್ಚಳ ಹಾಕಿ, ಶಾಲೆಯ ಛಾವಣಿಯ ಮಳೆನೀರಿನ ತೊಟ್ಟಿಯಿಂದ ಅದಕ್ಕೆ ಕೊಳವೆ ಜೋಡಿಸಿದ್ದರು. ಪೈಪು ತುಂಬಿದರೆ ಬೇಸಗೆಯಿಡೀ ಗೇಟಿನಾಚೆಯ ನಲ್ಲಿಯಲ್ಲಿ ಬೀದಿಯವರಿಗೆ ನೀರು. ದೊಡ್ಡಮ್ಮ ಸರಿ ಎಂದರೆ ಅಲ್ಲೇ ವಾಲ್ವ್ ತಿರುಗಿಸಿ ಉದ್ಘಾಟನೆ. ಗೇಟಿನ ಹೊರಗೆ ಜನ ಕೊಡ ಹಿಡಿದು ನಿಂತಿದ್ದರು. ಮುಖ್ಯೋಪಾಧ್ಯಾಯಿನಿಯ ಕೈ ಆಗಲೇ ವಾಲ್ವಿನ ಮೇಲಿತ್ತು. ಇನ್ನೊಬ್ಬ ತೀರ್ಪುಗಾರರಾದ ಬ್ಯಾಂಕ್ ಮ್ಯಾನೇಜರ್ ಗಡಿಯಾರ ನೋಡಿಕೊಳ್ಳುತ್ತಿದ್ದರು.

"ಎಲ್ರೂ ಬಾಯ್ಮುಚ್ಚಿ," ಎಂದಳು ದೊಡ್ಡಮ್ಮ. ಸರಳನ್ನು ಪೈಪಿನ ಬೆನ್ನಿಗೆ ಊರಿ ಬಟ್ಟಲಿಗೆ ಕಿವಿ ಹಚ್ಚಿದಳು.

ಮೈದಾನ ಗಪ್ಪಾಯಿತು. ದೊಡ್ಡಮ್ಮನ ಮುಖ ಬಿಳಿಚಿಕೊಂಡಿತು. ನನಗೂ ಕುತೂಹಲ ತಡೆಯಲಾಗದೆ ಮಂಡಿಯೂರಿ ಪೈಪಿಗೇ ಕಿವಿಯಿಟ್ಟೆ. ಕಬ್ಬಿಣ ಕೊರೆಯುವಷ್ಟು ತಣ್ಣಗಿತ್ತು, ಆ ಬಿಸಿಲಿನಲ್ಲೂ.

ಟಣ್.

ಒಳಗಿನಿಂದ, ತೀರಾ ದೂರದಿಂದ, ಆದರೆ ಸ್ಪಷ್ಟವಾಗಿ. ಚಿಕ್ಕಂದಿನಲ್ಲಿ ಕೇಳಿ ಬಾಯಿಪಾಠವಾದದ್ದು ನಾಲಿಗೆಗೆ ಬಂದುಬಿಟ್ಟಿತು. "ಒಂದು ಪೆಟ್ಟು ದೊಡ್ಡಮ್ಮ! ಬಿಡಬಹುದು ಅಂತ!" ಎಂದೆ ನಗುತ್ತ. ಮುಖ್ಯೋಪಾಧ್ಯಾಯಿನಿ ವಾಲ್ವನ್ನು ಹಿಡಿದು ತಿರುಗಿಸಲು ಹೊರಟರು.

"ತಡೀರಿ!" ದೊಡ್ಡಮ್ಮ ಕಿರುಚಿದಳು. ಅಂಥ ಧ್ವನಿ ಅವಳಲ್ಲಿದೆಯೆಂದು ನನಗೆ ಗೊತ್ತಿರಲಿಲ್ಲ. "ಇನ್ನೊಂದು ಬರ್ಬೇಕು!"

ಒಂದು ದೀರ್ಘ ಉಸಿರಿನಷ್ಟು ತಡ.

ಟಣ್. ಮೆತ್ತಗೆ, ಎಡಗೈಯಿಂದ ಹೊಡೆದ ಹಾಗೆ.

ಆ ತಟ್ಟುವಿಕೆ ನಮ್ಮ ಮನೆಯ ಬಾಗಿಲಿಗೂ ಗೊತ್ತಿತ್ತು.

"ನೀರು ಬಿಡ್ಬೇಡಿ. ಒಳಗೆ ಯಾರೋ ಇದಾರೆ," ಎಂದಳು.

"ಪೈಪಿಗೆ ಬಿಸಿಲು ತಾಗಿ ಸದ್ದು ಬರುತ್ತೆ ಅಮ್ಮಾ," ಎಂದರು ಮ್ಯಾನೇಜರ್, ಮಕ್ಕಳಿಗೆ ಹೇಳುವ ದನಿಯಲ್ಲಿ. "ಜನ ಕಾಯ್ತಿದಾರೆ. ಆ ಹುಡುಗೀರು ಎಷ್ಟು ಕಷ್ಟಪಟ್ಟಿದಾರೆ, ಅವರ ಬಹುಮಾನ ಯಾಕೆ ತಪ್ಪಿಸ್ತೀರಾ?"

ಹುಡುಗಿಯರಲ್ಲಿ ಒಬ್ಬಳು ಅಳುವುದಕ್ಕೆ ಶುರುಮಾಡಿದಳು. ದೊಡ್ಡಮ್ಮ ಹೋಗಿ ವಾಲ್ವಿಗೆ ಬೆನ್ನು ಕೊಟ್ಟು ಕುಳಿತುಬಿಟ್ಟಳು. ನಾನು ಹಲಗೆ ಎತ್ತಿದೆ. ಪೈಪಿನ ಬಾಯಂಚಿನಲ್ಲಿ ಹರಿದ ನೀಲಿ ಕಾಗದದ ಚೂರೊಂದು ಸಿಕ್ಕಿಕೊಂಡಿತ್ತು.

ಆಮೇಲೆ ಯಾರೂ ಬಿಸಿಲಿನ ಮಾತೆತ್ತಲಿಲ್ಲ. ಮೂವರಲ್ಲಿ ಸಣಕಲಿ ಹುಡುಗಿ ಸೊಂಟಕ್ಕೆ ಹಗ್ಗ ಕಟ್ಟಿಸಿಕೊಂಡು ಟಾರ್ಚ್ ಹಿಡಿದು ಒಳಗೆ ತೆವಳಿದಳು. ಅವಳು ಹೊರಗೆ ಬರುವವರೆಗೆ ನಾವು ಹಗ್ಗ ಹಿಡಿದು ಕಾದೆವು. ಬಂದಾಗ ತೋಳಿನಲ್ಲಿ ಓಡಿಹೋಗಿದ್ದ ಆ ಹನಿಯಿತ್ತು. ಮೈಯೆಲ್ಲ ತುಕ್ಕು, ಕಾಗದ ಚಿಂದಿಯಾಗಿತ್ತು. ಕುಣಿಯಲು ಇಷ್ಟವಿಲ್ಲದೆ ಅಡಗಿಕೊಂಡು, ಮುಚ್ಚಳ ಬಿದ್ದ ಮೇಲೆ ಅತ್ತು ಅತ್ತು ಒಳಗೇ ಮುದುಡಿಕೊಂಡಿದ್ದಳು.

ಮುಖ್ಯೋಪಾಧ್ಯಾಯಿನಿ ಅವಳನ್ನು ಎದೆಗೆ ಅವಚಿಕೊಂಡು, "ನೀನು ಪೈಪು ಬಡಿದಿದ್ದು ಒಳ್ಳೇದಾಯ್ತು ಪುಟ್ಟಾ," ಎಂದರು.

"ನಾನು ಬಡಿದಿಲ್ಲ," ಎಂದಿತು ಮಗು. "ಆ ಕಡೆಯಿಂದ ಯಾರೋ ಬಡೀತಾನೇ ಇದ್ರು. ನಿದ್ದೆ ಮಾಡೋಕೇ ಬಿಡ್ಲಿಲ್ಲ."

ಆ ಕಡೆ ಸಿಮೆಂಟಿನ ಗೋಡೆ ಬಿಟ್ಟರೆ ಏನೂ ಇರಲಿಲ್ಲವೆಂದು ಸಣಕಲಿ ಹೇಳಿದಳು.

ದೊಡ್ಡಮ್ಮ ಮತ್ತೆ ಸರಳು ಊರಿ ಕಿವಿಯಿಟ್ಟಳು. ನಾನೂ ಹೆದರುತ್ತಲೇ ಪೈಪಿಗೆ ತಲೆ ಕೊಟ್ಟೆ. ಸ್ವಲ್ಪ ಹೊತ್ತಿನ ಮೇಲೆ ಬಂತು. ಟಣ್. ದೊಡ್ಡಮ್ಮ ಕಾದಳು. ಎರಡನೆಯದು ಬರಬೇಕಾದ ಹೊತ್ತು ಕಳೆಯಿತು. ಆದರೂ ಕಾದಳು. ಕೊಡ ಹಿಡಿದವರು ಗೊಣಗತೊಡಗಿದರು, ಹನಿಗಳೆಲ್ಲ ಮನೆಗೆ ಹೋದವು, ಅವಳು ಮಾತ್ರ ಬಟ್ಟಲಿನಿಂದ ಕಿವಿ ತೆಗೆಯಲಿಲ್ಲ. ನಾನೇ ಕೊನೆಗೆ ಅವಳ ಬೆನ್ನ ಮೇಲೆ ಕೈಯಿಟ್ಟೆ.

"ಬಿಡಿ ನೀರು," ಎಂದಳು.

ನಲ್ಲಿಯಲ್ಲಿ ನೀರು ಬಂತು, ಜನ ಚಪ್ಪಾಳೆ ತಟ್ಟಿದರು. ಹುಡುಗಿಯರಿಗೇ ಮೊದಲ ಬಹುಮಾನ. ಸುಸ್ಥಿರತೆಯಲ್ಲಿ ಮಾತ್ರ ದೊಡ್ಡಮ್ಮ ಅಂಕ ಕಡಿಮೆ ಹಾಕಿಸಿದಳು. "ಬಾಯಿಗೆ ಕಬ್ಬಿಣದ ಜಾಲರಿ ಹಾಕ್ರೇ, ಆಮೇಲೆ ಬಂದು ಕೇಳ್ರಿ," ಎಂದು ಗದರಿದಳು. ಅವರು ಮಾರನೆಯ ದಿನವೇ ಹಾಕಿಸಿದರು.

ಕಾರಿನಲ್ಲಿ ಅವಳು ಸರಳನ್ನು ತೊಡೆಯ ಮೇಲೆ ಅಡ್ಡ ಇಟ್ಟುಕೊಂಡು ಕೂತಿದ್ದಳು. ನಾನು ಗಾಡಿ ಓಡಿಸುತ್ತಿದ್ದೆ. ಮನೆಯ ತಿರುವು ಬಂದಾಗ ಅವಳ ಗಲ್ಲ ಒದ್ದೆಯಾಗಿರುವುದು ಕಂಡಿತು.

"ಇಷ್ಟು ವರ್ಷ ಆದ್ಮೇಲೆ ಬಂದ್ರು," ಎಂದಳು. "ಬಂದು ಬರೀ ಕೆಲಸದ ಮಾತು ಆಡಿ ಹೋದ್ರು ನೋಡು. ಹೇಗಿದೀಯಾ ಅಂತ ಒಂದ್ ಮಾತು ಕೇಳ್ಲಿಲ್ಲ ಕಣೇ."