ನೆರೆಗೆ ಜಾಗ

ನನಗೆ ಇಂಥದ್ದರಲ್ಲೆಲ್ಲ ನಂಬಿಕೆ ಇರಲಿಲ್ಲ. ಯಾರಾದರೂ ದೆವ್ವದ ಕಥೆ ಶುರು ಮಾಡಿದರೆ ಎಲ್ಲಿ, ಯಾವಾಗ, ಜೊತೆಗೆ ಯಾರಿದ್ದರು ಎಂದು ಪೊಲೀಸರ ಹಾಗೆ ವಿಚಾರಿಸಿ ಅವರ ಉತ್ಸಾಹಕ್ಕೆ ತಣ್ಣೀರೆರಚುವುದು ನನ್ನ ಚಾಳಿ. ಓದಿದ್ದು ಭೂಗೋಳ. ಕಣ್ಣಿಗೆ ಕಂಡದ್ದು, ಅಳತೆಗೆ ಸಿಕ್ಕಿದ್ದು, ಅಷ್ಟೇ ನನಗೆ ಲೆಕ್ಕ. ಈಗ ಅದೇ ಪ್ರಶ್ನೆಗಳನ್ನು ನನಗೇ ಹಾಕಿಕೊಂಡರೆ ಮೂರಕ್ಕೂ ಉತ್ತರವಿದೆ: ಡುವಾಲ್‌ಗೆ ಇಳಿಯುವ ರಸ್ತೆಯಲ್ಲಿ, ಎರಡು ಚಳಿಗಾಲದ ಹಿಂದೆ ಒಂದು ಶನಿವಾರ ಬೆಳಿಗ್ಗೆ, ನನ್ನ ಅತ್ತೆಯ ಜೊತೆ. ಆದರೂ ಏನು ನಡೆಯಿತು ಎಂದು ನೀವು ಕೇಳಿದರೆ ಕಿವಿಗೆ ಬಿದ್ದದ್ದನ್ನು ಬಿದ್ದ ಹಾಗೇ ಹೇಳಬಲ್ಲೆ, ಅಷ್ಟೇ.

ನನ್ನ ಸಂಶೋಧನೆ ಜಾರ್ಜಿಯಾ ದೇಶದ್ದು. ಹೀಗೆಂದರೆ ಸಾಕು, ರೆಡ್ಮಂಡ್‌ನ ನಮ್ಮ ಕನ್ನಡದವರು ಇಲ್ಲೇ ಅಮೆರಿಕದ ಜಾರ್ಜಿಯಾ ರಾಜ್ಯ ಅಂದುಕೊಂಡು ಅಟ್ಲಾಂಟಾದ ಸೆಖೆಯ ಬಗ್ಗೆ ಮಾತು ತೆಗೆಯುತ್ತಾರೆ. ಅಲ್ಲಪ್ಪಾ, ಇದು ರಷ್ಯಾದ ಕೆಳಗಿರುವ ಪುಟ್ಟ ದೇಶ, ಹಿಂದೆ ಸೋವಿಯತ್ ಒಕ್ಕೂಟದಲ್ಲಿತ್ತು ಎಂದು ಬಿಡಿಸಿ ಹೇಳಬೇಕು. ಅಲ್ಲಿ ಹಳೆಯ ವ್ಯವಸ್ಥೆ ಹೋಗಿದೆ, ಹೊಸದು ಇನ್ನೂ ಕುದುರಿಲ್ಲ. ಬೇಸಾಯ ಸೊರಗಿದ ಬೆಟ್ಟದ ಊರುಗಳಿಗೆ ಈಗ ಪ್ರವಾಸಿಗರೇ ಬೆಳೆ. ಅಂಥ ಒಂದು ಕಣಿವೆಯಲ್ಲಿ ಅತಿಥಿಗೃಹಗಳನ್ನು ಎಲ್ಲಿ ಕಟ್ಟಬಹುದು, ಎಲ್ಲಿ ಕಟ್ಟಿದರೆ ಕಾಡಿಗೂ ಹೊಳೆಗೂ ಕೇಡು ಎಂದು ನಕ್ಷೆಯ ಮೇಲೆ ಗೆರೆ ಎಳೆದುಕೊಡುವುದು ನಮ್ಮ ತಂಡದ ಕೆಲಸ. ಗೆರೆಯೊಳಗೆ ಜಮೀನಿದ್ದವರಿಗೆ ಕಟ್ಟಲು ನೆರವು ಸಿಗುತ್ತದೆ, ಹೊರಗಿದ್ದವರಿಗೆ ಇಲ್ಲ. ಆ ಗೆರೆ ಎಳೆಯುವ ಕೈ ನನ್ನದು.

ತಮಾರಾ ಎಂಬ ಅಜ್ಜಿ ಸಿಕ್ಕಿದ್ದು ಅಲ್ಲೇ. ಅವರಿಗಿದ್ದದ್ದು ಹೊಳೆಯಂಚಿನ ಒಂದು ಹುಲ್ಲುಗಾವಲು. ಮಗಳು ಇಟಲಿಯಲ್ಲಿ ಯಾರದೋ ಮನೆಯ ಹಿರಿಯರನ್ನು ನೋಡಿಕೊಳ್ಳುವ ಕೆಲಸದಲ್ಲಿದ್ದಳು. ನನ್ನ ಗಾವಲನ್ನು ಗೆರೆಯೊಳಗೆ ಸೇರಿಸು, ನಾಲ್ಕು ಕೋಣೆ ಕಟ್ಟಿದರೆ ಮಗಳು ವಾಪಸ್ಸು ಬರುತ್ತಾಳೆ ಎಂದು ದುಭಾಷಿ ನಿನೋಳ ಮೂಲಕ ಮತ್ತೆ ಮತ್ತೆ ಹೇಳಿಸಿದರು. ಮೇಲಿನ ಇಳಿಜಾರಿನ ಜಮೀನಿನವನ ಜೊತೆ ಅವರಿಗೆ ಮಾತಿಲ್ಲ. ಒಂದು ಅಕ್ರೂಟ್ ಮರದ ವಿಚಾರಕ್ಕೆ ಶುರುವಾದ ಹಗೆ, ಮರಕ್ಕಿಂತ ದಪ್ಪ ಬೆಳೆದಿತ್ತು. ಅಜ್ಜಿ ನನಗೆ ಬಹಳ ಹಿಡಿಸಿದ್ದರು. ಉಪಗ್ರಹದ ಚಿತ್ರಗಳಲ್ಲೂ ಆ ಗಾವಲಿನ ಮೇಲೆ ಹೊಳೆ ಹತ್ತಿದ್ದು ಎಲ್ಲೂ ಕಾಣಲಿಲ್ಲ. ಹಾಗಾಗಿ ಅದನ್ನು ಗೆರೆಯೊಳಗೆ ಸೇರಿಸುವುದೆಂದು ನಿರ್ಧಾರ ಮಾಡಿಕೊಂಡೇ ಸಿಯಾಟಲ್ ವಿಮಾನ ಹತ್ತಿದ್ದೆ.

ಸೋಮವಾರ ನಕ್ಷೆ ಕೊಡಬೇಕಿತ್ತು. ಶನಿವಾರ ಅತ್ತೆಗೆ ನಮ್ಮೂರ ಪಕ್ಕದ ಕಣಿವೆಯಲ್ಲಿರುವ ಡುವಾಲ್‌ನ ತೋಟದ ಸಿಹಿಗುಂಬಳ ಬೇಕಾಯಿತು. ಅತ್ತೆ ಉಡುಪಿಯ ಕಡೆಯವರು, ಆಗ ನಮ್ಮಲ್ಲಿಗೆ ಬಂದಿದ್ದರು. ನಾನು ಮೈಸೂರಿನವಳು. ಇದನ್ನು ಯಾಕೆ ಹೇಳುತ್ತಿದ್ದೇನೆ ಎಂಬುದು ಮುಂದೆ ತಿಳಿಯುತ್ತದೆ. ಡ್ರೈವ್ ಮಾಡುವಾಗ ಸಂದರ್ಶನಗಳ ರೆಕಾರ್ಡಿಂಗ್ ಹಾಕಿಕೊಳ್ಳುವುದು ನನ್ನ ರೂಢಿ. ಭಾಷೆ ತಿಳಿಯದಿದ್ದರೂ ಎಲ್ಲಿ ದನಿ ತಗ್ಗಿತು, ಎಲ್ಲಿ ತಡೆಯಿತು ಎಂಬುದು ಕಿವಿಗೆ ಸಿಗುತ್ತದೆ. ಅವತ್ತು ಕಾರಿನಲ್ಲಿ ತಮಾರಾ ಮಾತಾಡುತ್ತಿದ್ದರು, ಪಕ್ಕದಲ್ಲಿ ಅತ್ತೆ ಕಿಟಕಿಯಾಚೆ ನೋಡುತ್ತಿದ್ದರು.

ಗುಡ್ಡದ ತಿರುವಿನಲ್ಲಿ, ಕೆಳಗಿನ ಕಣಿವೆ ಇನ್ನೂ ಕಾಣಿಸುವ ಮೊದಲು, "ನೆರೆಗೆ ಜಾಗ ಬಿಡು" ಎಂಬ ಮಾತು ಕೇಳಿತು. ಸ್ಪಷ್ಟ ಕನ್ನಡ. ಅತ್ತೆಯೇ ಹೇಳಿದರು ಅಂದುಕೊಂಡೆ. ದಾರಿ ಬಿಡೋಣವೆಂದರೆ ಹಿಂದೆ ಕಾರೇನೂ ಇರಲಿಲ್ಲ. "ಯಾವ ನೆರೆಯವರಿಗೆ ಅತ್ತೆ?" ಅಂದೆ.

"ನಾನೆಲ್ಲಿ ಮಾತಾಡಿದೆ? ಹೇಳಿದ್ದು ನಿನ್ನ ಆ ಅಜ್ಜಿ. ಅವರಿಗೆ ಕನ್ನಡ ಬರ್ತದಾ?"

ಅತ್ತೆಗೆ ಅದರಲ್ಲಿ ವಿಚಿತ್ರವೇನೂ ಕಾಣಲಿಲ್ಲ. ಸೊಸೆ ದೇಶ ಸುತ್ತುವವಳು, ಎಲ್ಲೋ ಒಬ್ಬ ಕನ್ನಡದ ಅಜ್ಜಿ ಸಿಕ್ಕಿರಬೇಕು, ಅಷ್ಟೇ. ನಾನು ಕಾರಿನ ವೇಗ ತಗ್ಗಿಸಿದೆ. ತಿರುವು ಮುಗಿಯುವಷ್ಟರಲ್ಲಿ ರಸ್ತೆ ಮುಚ್ಚಿದೆ ಎಂಬ ಫಲಕ ಅಡ್ಡ ನಿಂತಿತ್ತು. ಅದರಾಚೆ ಕಣಿವೆಯೇ ಇರಲಿಲ್ಲ, ಬರೀ ಕಂದು ನೀರು. ಬೇಲಿಗಂಬಗಳ ತುದಿ ಮಾತ್ರ ಕಾಣುತ್ತಿತ್ತು. ಅಲ್ಲಿನವರು ಇದಕ್ಕೆ ಒಗ್ಗಿಕೊಂಡವರು. ಕೊಟ್ಟಿಗೆಗಳನ್ನು ಎತ್ತರದ ದಿಬ್ಬದ ಮೇಲೆ ಕಟ್ಟಿ, ಬಯಲನ್ನು ಹಾಗೇ ಖಾಲಿ ಬಿಟ್ಟಿರುತ್ತಾರೆ.

ಕಾರು ಬದಿಗೆ ಹಾಕಿ ರೆಕಾರ್ಡಿಂಗ್ ಹಿಂದಕ್ಕೆ ಓಡಿಸಿದೆ. ಮತ್ತೆ ಅದೇ ದನಿ, ಅದೇ ಮಾತು, ಹಿಂದೆಯೇ ಅಜ್ಜಿಯ ಕೆಮ್ಮು. ಅಜ್ಜಿಗೆ ನೆರೆಹೊರೆಯವರ ಜೊತೆ ಜಗಳ ಅಲ್ಲವೇ, ಅದನ್ನೇ ಹೇಳುತ್ತಿದ್ದಾರೆ ಎಂದು ಏನೋ ಒಂದು ತೊದಲಿದೆ. ಅತ್ತೆ ಗಾಜಿನಾಚೆ ನೀರಿನತ್ತ ಕೈ ತೋರಿಸಿದರು.

"ನೆರೆ ಅಂದ್ರೆ ಇದು ಮಾರಾಯ್ತಿ. ಪಕ್ಕದ ಮನೆಯವರಿಗೆ ಯಾರು ಜಾಗ ಬಿಡ್ತಾರೆ?"

ಸಿಹಿಗುಂಬಳ ಇಲ್ಲದೆ ಮನೆಗೆ ಬಂದೆವು. ಗಂಡನಿಗೆ ಕೇಳಿಸಿದರೆ ಚಮಚ ಲೋಟಕ್ಕೆ ತಾಗಿದ ಸದ್ದು ಬಿಟ್ಟು ಬೇರೇನೂ ಇಲ್ಲ ಅಂದ. ಇಯರ್‌ಫೋನ್ ಕಿತ್ತುಕೊಂಡು ನಾನೇ ಕೇಳಿದೆ. ಚಮಚದ ಸದ್ದು, ಆಮೇಲೆ ಕೆಮ್ಮು. ಆ ಭಾಗವನ್ನು ನಿನೋಗೆ ಕಳಿಸಿದೆ. ಅಲ್ಲಿ ಅಜ್ಜಿ ಏನೂ ಹೇಳಿಲ್ಲ, ಚಹಾ ಕಲಕುತ್ತಿದ್ದಾರೆ ಎಂದು ಉತ್ತರ ಬಂತು. ಅತ್ತೆಯ ಬಳಿ ಇನ್ನೊಮ್ಮೆ ಕೇಳಿ ನೋಡಿ ಎಂದು ಗೋಗರೆದೆ. ಅವರು ತರಕಾರಿ ಹೆಚ್ಚುವುದನ್ನೂ ನಿಲ್ಲಿಸಲಿಲ್ಲ. ಒಮ್ಮೆ ಹೇಳಿದ್ದು ಸಾಲದಾ ಅಂದರು.

ನನಗೆ ಸಮಾಧಾನ ಹೇಳಿಕೊಳ್ಳಲು ಬರುತ್ತದೆ. ನಿದ್ದೆಗೆಟ್ಟ ತಲೆ, ಅರ್ಥವಾಗದ ಭಾಷೆ, ಗೊತ್ತಿರುವ ಪದವನ್ನು ಹೆಕ್ಕಿಕೊಳ್ಳುವ ಕಿವಿ. ಒಪ್ಪೋಣ. ಆದರೆ ಒಂದೇ ತಪ್ಪು ಇಬ್ಬರ ಕಿವಿಗೂ ಹೇಗೆ ಹೊಕ್ಕಿತು? ಅದೂ ಒಂದೇ ಪದವಾಗಿ ಹೊಕ್ಕು, ಮೈಸೂರಿನವಳಿಗೆ ಪಕ್ಕದ ಮನೆ, ಉಡುಪಿಯವರಿಗೆ ಉಕ್ಕಿದ ಹೊಳೆ ಹೇಗಾಯಿತು? ನನಗಂತೂ ಆ ಗಾವಲು ಗೆರೆಯೊಳಗೇ ಬರಬೇಕಿತ್ತು. ಬೇಡವಾದ ಮಾತನ್ನು ನನ್ನ ಮನಸ್ಸು ತಾನಾಗಿ ಯಾಕೆ ಕಟ್ಟಿಕೊಳ್ಳಬೇಕು?

ಭಾನುವಾರವೆಲ್ಲ ಅತ್ತ ದರಿ ಇತ್ತ ಪುಲಿ. ಆ ಮಾತನ್ನು ಕಡೆಗಣಿಸಿದರೆ, ನಾಳೆ ಆ ಕೋಣೆಗಳಲ್ಲಿ ಮಲಗುವವರ ಗತಿ? ಕಿವಿಗೊಟ್ಟರೆ ಅಜ್ಜಿಯ ಮಗಳು ಊರಿಗೆ ಬರುವ ದಾರಿಯನ್ನು ನಾನೇ ಮುಚ್ಚಿದಂತೆ. ಕೊನೆಗೆ ಗಾವಲನ್ನು ಗೆರೆಯ ಹೊರಗಿಟ್ಟೆ. ಸೋಮವಾರ ತಂಡದ ಹಿರಿಯರು ಆಧಾರ ಕೇಳಿದರು. ಕಾರಿನಲ್ಲಿ ಕೇಳಿದ್ದನ್ನು ಹೇಳುವಷ್ಟು ಬುದ್ಧಿಗೇಡಿಯಲ್ಲ ನಾನು. ಚಿತ್ರಗಳು ತೀರಾ ಇತ್ತೀಚಿನವು, ಹೊಳೆಗೆ ಅದಕ್ಕಿಂತ ಉದ್ದದ ನೆನಪಿರುತ್ತದೆ, ಆ ಮಣ್ಣನ್ನು ಅಗೆದು ನೋಡುವವರೆಗೆ ನನ್ನ ಹೆಸರು ಹಾಕುವುದಿಲ್ಲ ಅಂದೆ. ಬೇಕಾದಷ್ಟು ಒತ್ತಿದರು. ಹಿಡಿದ ಪಟ್ಟು ಬಿಡಲಿಲ್ಲ. ಅಗೆಯಲು ಯಾರೂ ಹೋಗಲಿಲ್ಲ, ಗೆರೆ ಮಾತ್ರ ನಾನೆಳೆದಲ್ಲೇ ನಿಂತಿತು.

ತಮಾರಾ ನನ್ನ ಮೇಲೆ ಮುನಿದರು. ಅವರು ಹೇಳಿದ್ದನ್ನು ನಿನೋ ಮೆತ್ತಗೆ ಮಾಡದೆ ಹಾಗೇ ತಲುಪಿಸಿದಳು: ನನ್ನ ಕೈಯ ಚಹಾ ಕುಡಿದು ನನ್ನ ಮಗಳನ್ನೇ ದೂರ ಮಾಡಿದೆ. ಆ ದಿನ ನಾನು ಅತ್ತುಬಿಟ್ಟೆ. ಆ ಗಾವಲಿಗೆ ಇವತ್ತಿನವರೆಗೂ ನೀರು ಬಂದಿಲ್ಲ. ಬಂದರೆ ನಾನು ಸರಿ, ಬಾರದಿದ್ದರೆ ಅಜ್ಜಿ ಸರಿ. ನೀರು ಬರಲಿ ಎಂದು ಹಾರೈಸುವ ಪಾಪವಂತೂ ನನ್ನಿಂದಾಗದು.

ಹಾಗೆಂದು ಕೈಕಟ್ಟಿ ಕೂತಿಲ್ಲ. ಮೇಲಿನ ಇಳಿಜಾರು ಗೆರೆಯೊಳಗಿದೆ. ಅಕ್ರೂಟ್ ಮರದ ಆ ನೆರೆಯವನು ತನ್ನ ಜಮೀನಿನ ಒಂದು ತುಂಡು ಬಿಟ್ಟುಕೊಟ್ಟರೆ ಅಜ್ಜಿಯ ನಾಲ್ಕು ಕೋಣೆ ಅಲ್ಲೇ ಏಳಬಹುದು. ಅವನು ಒಪ್ಪುವ ಆಸಾಮಿಯಲ್ಲ ಎಂದು ನಿನೋ ಈಗಲೇ ಕೈಚೆಲ್ಲಿಬಿಟ್ಟಿದ್ದಾಳೆ. ಆದರೂ ಬೇಸಿಗೆಗೆ ಟಿಕೆಟ್ ತೆಗೆಸಿದ್ದೇನೆ. ಅವನ ಮನೆ ಬಾಗಿಲಲ್ಲಿ ಕೂರುತ್ತೇನೆ, ಹೂಂ ಅನ್ನುವವರೆಗೆ ಏಳುವುದಿಲ್ಲ.

ಅವನಿಗೆ ಏನು ಹೇಳಬೇಕು ಎಂದು ಮೊನ್ನೆ ನಿನೋ ಕಾಲ್ ಮಾಡಿ ಕೇಳಿದಳು. ಕಾರಿನಲ್ಲಿ ಕೇಳಿದ ಆ ಒಂದು ಮಾತನ್ನೇ ಹೇಳಿದೆ. ಕನ್ನಡದಲ್ಲಿ ಅದಕ್ಕೆ ಎರಡು ಅರ್ಥ ಎಂದೂ ಬಿಡಿಸಿದೆ. ಜಾರ್ಜಿಯಾದ ತಮ್ಮ ಭಾಷೆಯಲ್ಲಿ ಅವೆರಡೂ ಬೇರೆ ಬೇರೆ ಪದ, ಯಾವುದನ್ನು ಹೇಳಲಿ ಎಂದು ಕೇಳಿದಳು.

ಅದನ್ನು ನುಡಿದವರು ಯಾರೆಂದೇ ನನಗೆ ಗೊತ್ತಿಲ್ಲ. ಎರಡನ್ನೂ ಹೇಳು ಅಂದೆ.