ಮೇಷ್ಟ್ರು ಟೀ ಬಗ್ಗಿಸುವ ಪರಿ
ನಿವೃತ್ತ ಭೌತಶಾಸ್ತ್ರದ ಮೇಷ್ಟ್ರು ಮನೆಗೆ ಬಂದವರಿಗೆಲ್ಲ ತಾವೇ ಟೀ ಬಗ್ಗಿಸುತ್ತಾರೆ. ಅದೂ ಮಲಗಿದ ಕೂಸು ಎದ್ದೀತೇನೋ ಎಂಬಷ್ಟು ನಿಧಾನವಾಗಿ. ಟೀ ಕಪ್ಪಿಗೆ ಬೀಳದೆ ಟೀಪಾಟಿನ ಮೂತಿಗೆ ಅಂಟಿಕೊಂಡು, ಅದರ ಹೊಟ್ಟೆ ಸವರಿಕೊಂಡು ಮೇಜಿಗಿಳಿಯುತ್ತದೆ. "ನೋಡಿ, ಹರಿಯೋ ದ್ರವ ಬಾಗಿದ ಮೈನ ಅಷ್ಟು ಸುಲಭಕ್ಕೆ ಬಿಡಲ್ಲ" ಎಂದು ಪಾಠ ಶುರುವಾಗುತ್ತದೆ. ತೊಡೆ ಸುಟ್ಟುಕೊಂಡ ಅತಿಥಿಗಳು ಒಪ್ಪದೆ ಇನ್ನೇನು ಮಾಡಿಯಾರು? "ಗೊತ್ತಿದ್ದೂ ಚೆಲ್ತೀರಲ್ರೀ! ಒಂದೇ ಸಲ ಜೋರಾಗಿ ಬಗ್ಗಿಸಬಾರ್ದಾ?" ಎಂದು ಹೆಂಡತಿ ಒರೆಸುವ ಬಟ್ಟೆ ಹಿಡಿದು ಓಡಿಬರುತ್ತಾರೆ. ರೋಸಿಹೋದ ಮಗಳು ಒಂದು ತೊಟ್ಟೂ ಚೆಲ್ಲದ ಹೊಸ ಟೀಪಾಟು ತಂದುಕೊಟ್ಟಳು. ಅಂದು ಟೀ ನೆಟ್ಟಗೆ ಕಪ್ಪಿಗೆ ಬಿತ್ತು. ಹೆಂಡತಿ ಅಡುಗೆಮನೆಯಿಂದ ಹೊರಗೆ ಬರಲೇ ಇಲ್ಲ. ಮರುದಿನ ಮೇಷ್ಟ್ರು ಹಳೆಯ ಟೀಪಾಟನ್ನೇ ಎತ್ತಿಕೊಂಡು, ಅಡುಗೆಮನೆಯ ಬಾಗಿಲ ಕಡೆಗೊಂದು ಕಣ್ಣಿಟ್ಟು, ಇನ್ನೂ ನಿಧಾನವಾಗಿ ಬಗ್ಗಿಸಿದರು.